ಸುರಂಗ ಒಂದು ಕಿಲೋಮೀಟರ್, ಸುಂಕ ಹತ್ತು ಕಿಲೋಮೀಟರ್

ಬೆಂಗಳೂರಿನ ಪಶ್ಚಿಮದವರಿಗೆ ಊರು ಬಿಡಲು ಮುಖ್ಯವಾಗಿ ಮೂರು ಬಾಗಿಲು. ರಾಜಾಜಿನಗರ, ಬಸವೇಶ್ವರನಗರದವರು ಗೊರಗುಂಟೆಪಾಳ್ಯ ಹಿಡಿದು ತುಮಕೂರು ರಸ್ತೆಗೆ ಬೀಳುತ್ತಾರೆ. ವಿಜಯನಗರ, ಕೆಂಗೇರಿಯವರದು ಮೈಸೂರು ರಸ್ತೆ. ಇವೆರಡನ್ನೂ ಹೊರವಲಯದಲ್ಲಿ ಬೆಸೆಯುವುದು ನೈಸ್ ರಸ್ತೆ. ಯಾವ ಬಾಗಿಲಿನಿಂದ ಹೊರಟರೂ ಊರು ಹಿಂದೆ ಸರಿಯುವ ಹೊತ್ತಿಗೆ ಫೋನಿನಲ್ಲಿ ಹಣ ಕಡಿತದ ಮೊದಲ ಸಂದೇಶ ಬಂದು ಕೂತಿರುತ್ತದೆ. ಮಾಗಡಿ ರಸ್ತೆ ಇದೆಯಲ್ಲ ಎನ್ನುವವರು ಸಾಮಾನ್ಯವಾಗಿ ಕುಣಿಗಲ್ ಕಡೆಯವರು. ಅವರ ಲೆಕ್ಕ ಬೇರೆ.

ಈ ಬಾಗಿಲುಗಳಿಂದ ಹೊರಟು ಕರ್ನಾಟಕದೊಳಗೇ ಒಂದು ಹೆದ್ದಾರಿ ಸುರಂಗ ದಾಟಬೇಕೆಂದರೆ ಆಯ್ಕೆ ಹೆಚ್ಚಿಲ್ಲ. ಹಂಪಿಗೆ ಹೋಗುವವರಿಗೆ ಹೊಸಪೇಟೆ ಹತ್ತಿರ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಒಂದು ಸಿಗುತ್ತದೆ. ಆದರೆ ಸುರಂಗ ಎಂದ ಕೂಡಲೇ ಹೆಚ್ಚಿನವರ ನೆನಪಿಗೆ ಬರುವುದು ಕಾರವಾರ. ಬಿಣಗಾ ಕಡೆಯಿಂದ ಕಾರವಾರ ಪಟ್ಟಣಕ್ಕೆ ಬರುವಾಗ ಸಮುದ್ರದ ಮಗ್ಗುಲಲ್ಲೇ ಎದ್ದ ಗುಡ್ಡವನ್ನು ಕೊರೆದು ಹೆದ್ದಾರಿ 66 ಒಳಗೆ ನುಗ್ಗುತ್ತದೆ. ಬೆಂಗಳೂರಿನಿಂದ ಐನೂರು ಕಿಲೋಮೀಟರ್‌ಗೂ ಮಿಕ್ಕಿದ ದಾರಿ, ಕೊನೆಯಲ್ಲಿ ಒಂದೆರಡು ನಿಮಿಷದ ಕತ್ತಲು. ಆ ಕತ್ತಲಿಗೆ ನಾವು ಎಷ್ಟು ಕೊಡುತ್ತೇವೆ, ಎಲ್ಲಿ ಕೊಡುತ್ತೇವೆ ಎನ್ನುವುದು ರಸೀದಿಯಲ್ಲಿ ಕಾಣುವುದಿಲ್ಲ. ಸುರಂಗದ ಬಾಯಲ್ಲಿ ಟೋಲ್ ಬೂತ್ ಇಲ್ಲ. ಹಣ ಹೋಗುವುದು ಅಂಕೋಲಾ ದಾಟಿದ ಮೇಲಿನ ಹಟ್ಟಿಕೇರಿ ಟೋಲ್‌ನಲ್ಲಿ, ಗುಡ್ಡ ಕಣ್ಣಿಗೆ ಬೀಳುವುದಕ್ಕೆ ಎಷ್ಟೋ ಮೊದಲು.

ಟೋಲ್ ಎನ್ನುವುದು ಸುರಂಗಕ್ಕೋ ಸೇತುವೆಗೋ ಕೊಡುವ ಪ್ರವೇಶಧನವಲ್ಲ. ಒಂದು ಬೂತ್‌ಗೆ ಸೇರಿದ ಇಡೀ ರಸ್ತೆ ತುಂಡಿಗೆ ಕಟ್ಟುವ ಬಾಡಿಗೆ. ಅದರ ಲೆಕ್ಕ ಇರುವುದು 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳಲ್ಲಿ. ನಾಲ್ಕು ಪಥ ಅಥವಾ ಅದಕ್ಕಿಂತ ಅಗಲದ ರಸ್ತೆಯಾದರೆ ಕಾರು, ಜೀಪಿಗೆ ಕಿಲೋಮೀಟರ್‌ಗೆ 65 ಪೈಸೆ. ಇದು 2007–08ರ ಮೂಲದರ. ಅದರ ಮೇಲೆ ವರ್ಷಕ್ಕೆ ಶೇ. 3ರ ಸ್ಥಿರ ಏರಿಕೆ, ಜೊತೆಗೆ ಸಗಟು ಬೆಲೆ ಸೂಚ್ಯಂಕ ಏರಿದ್ದರಲ್ಲಿ ಶೇ. 40ರಷ್ಟು. ಪ್ರತಿ ಏಪ್ರಿಲ್ 1ರ ಆಸುಪಾಸು ಪತ್ರಿಕೆಗಳಲ್ಲಿ ಟೋಲ್ ದರ ಏರಿಕೆ ಸುದ್ದಿ ತಪ್ಪದೆ ಬರುವುದು ಇದರಿಂದಲೇ. ಬೆಲೆ ಇಳಿಯಲಿ ಬಿಡಲಿ, ಆ ಶೇ. 3 ಮಾತ್ರ ಎಲ್ಲಿಗೂ ಹೋಗುವುದಿಲ್ಲ.

ದಾರಿಯಲ್ಲಿ ಸುರಂಗ, ದೊಡ್ಡ ಸೇತುವೆ, ಮೇಲ್ಸೇತುವೆ ಅಥವಾ ಎತ್ತರಿಸಿದ ರಸ್ತೆ ಬಂದಾಗ ಲೆಕ್ಕ ಬದಲಾಗುತ್ತದೆ. ಇವುಗಳ ಒಂದು ಕಿಲೋಮೀಟರನ್ನು ನಿಯಮ ಹತ್ತು ಕಿಲೋಮೀಟರ್ ಎಂದು ಎಣಿಸುತ್ತದೆ. ಬಂಡೆ ಸೀಳುವ, ಕಂಬ ನಿಲ್ಲಿಸುವ ಖರ್ಚು ಬಯಲಲ್ಲಿ ಡಾಂಬರು ಹಾಕುವುದಕ್ಕಿಂತ ಹಲವು ಪಟ್ಟು, ಅದಕ್ಕಾಗಿ. ಉದಾಹರಣೆಗೆ 60 ಕಿಲೋಮೀಟರ್ ರಸ್ತೆಯಲ್ಲಿ ಒಂದು ಕಿಲೋಮೀಟರ್ ಸುರಂಗವಿದ್ದರೆ ಉಳಿದ 59ಕ್ಕೆ 10 ಕೂಡಿಸಿ 69 ಕಿಲೋಮೀಟರಿನ ಸುಂಕ. ಒಂದೇ ಒಂದು ಸುರಂಗ ಇಡೀ ತುಂಡಿನ ದರವನ್ನು ಶೇ. 15ರಷ್ಟು ಮೇಲೆತ್ತುತ್ತದೆ. ನೀವು ಬೂತ್ ದಾಟಿ ಸುರಂಗಕ್ಕೆ ಮೊದಲೇ ಯಾವುದೋ ಹಳ್ಳಿಗೆ ತಿರುಗಿಕೊಂಡರೂ ಅದರ ಪಾಲು ಕೊಟ್ಟೇ ಇರುತ್ತೀರಿ.

2025ರ ಜುಲೈನಲ್ಲಿ ಈ ನಿಯಮಕ್ಕೆ ತಿದ್ದುಪಡಿ ಬಂತು. ಸುರಂಗ, ಸೇತುವೆಗಳಿರುವ ರಸ್ತೆಗೆ ಟೋಲ್ ಅರ್ಧಕ್ಕರ್ಧ ಇಳಿಕೆ ಎಂದು ಸುದ್ದಿಯಾಯಿತು. ಹೊಸ ಲೆಕ್ಕ ಹೀಗೆ: ಹಳೆಯ ಹತ್ತುಪಟ್ಟಿನ ಮೊತ್ತ ಒಂದು ಕಡೆ, ಇಡೀ ತುಂಡಿನ ಉದ್ದದ ಐದು ಪಟ್ಟು ಇನ್ನೊಂದು ಕಡೆ, ಎರಡರಲ್ಲಿ ಕಡಿಮೆ ಇದ್ದುದನ್ನು ಹಿಡಿಯಬೇಕು. ಸಚಿವಾಲಯ ಕೊಟ್ಟ ಉದಾಹರಣೆಯಲ್ಲಿ 40 ಕಿಲೋಮೀಟರ್ ರಸ್ತೆ ಪೂರ್ತಿ ಸೇತುವೆ, ಸುರಂಗಗಳದ್ದೇ. ಅಲ್ಲಿ 400ರ ಬದಲು 200 ಕಿಲೋಮೀಟರಿನ ಸುಂಕ, ಹಾಗಾಗಿ ಅರ್ಧ. ನಮ್ಮ 60 ಕಿಲೋಮೀಟರ್ ರಸ್ತೆಗೆ ಇದನ್ನೇ ಹಚ್ಚಿದರೆ ಒಂದು ಕಡೆ 69, ಇನ್ನೊಂದು ಕಡೆ 300. ಕಡಿಮೆ ಇರುವುದು ಹಳೆಯದೇ. ಅಂದರೆ ಒಂದು ಪೈಸೆಯೂ ಇಳಿಯದು. ಕಾಗದ ಹಿಡಿದು ಕೂತರೆ ಗೊತ್ತಾಗುತ್ತದೆ: ರಸ್ತೆ ತುಂಡಿನ ಒಂಬತ್ತರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು, ಹತ್ತಿರಹತ್ತಿರ ಶೇ. 44, ಸುರಂಗ–ಸೇತುವೆಗಳೇ ಆಗಿದ್ದರೆ ಮಾತ್ರ ಈ ರಿಯಾಯಿತಿ ತಟ್ಟುತ್ತದೆ. ಕರಾವಳಿಯ ಉದ್ದನೆಯ ಹೆದ್ದಾರಿಯಲ್ಲಿ ಅಲ್ಲೊಂದು ಇಲ್ಲೊಂದು ಸುರಂಗವಿರುವವರಿಗೆ ಆ ತಲೆಬರಹದಿಂದ ಲಾಭವಿಲ್ಲ.

ಲಾಭವಾಗಬಹುದಾದ ಜಾಗ ಶಿರಾಡಿ. ಧರ್ಮಸ್ಥಳ, ಸುಬ್ರಹ್ಮಣ್ಯ, ಮಂಗಳೂರು ಎಂದು ನೆಲಮಂಗಲದಲ್ಲಿ ಎಡಕ್ಕೆ ಹೊರಳಿ ಹೆದ್ದಾರಿ 75 ಹಿಡಿಯುವವರಿಗೆ ದೊಡ್ಡಕರೇನಹಳ್ಳಿ, ಕಾರಬೈಲು, ಶಾಂತಿಗ್ರಾಮದ ಟೋಲ್‌ಗಳು ಪರಿಚಿತ. ಅಲ್ಲಿಯವರೆಗೆ ರಸ್ತೆ ಸಲೀಸು. ಸಕಲೇಶಪುರದಾಚೆ ಘಾಟಿ ಯಾವಾಗ ಕೈಕೊಡುತ್ತದೋ ಹೇಳಲಾಗದು. 2015ರಲ್ಲಿ, ಮತ್ತೆ 2018ರಲ್ಲಿ ಕಾಂಕ್ರೀಟ್ ಹಾಕಲೆಂದು ತಿಂಗಳುಗಟ್ಟಲೆ ಮುಚ್ಚಿದ್ದರು. 2024ರ ಮಳೆಗಾಲದಲ್ಲಿ ದೊಡ್ಡತಪ್ಪಲು ಬಳಿ ಗುಡ್ಡವೇ ರಸ್ತೆಗಿಳಿಯಿತು. ಈ ಘಾಟಿಗೆ ಸುರಂಗ ಕೊರೆಯುವ ಮಾತು ಹತ್ತು ವರ್ಷಕ್ಕೂ ಹಳೆಯದು. ಆಗ ತಯಾರಾದ ಒಂದು ನಕ್ಷೆಯಲ್ಲಿ ಹೆಗ್ಗದ್ದೆಯಿಂದ ಅಡ್ಡಹೊಳೆಗೆ ಸುಮಾರು 23.6 ಕಿಲೋಮೀಟರ್ ಬೈಪಾಸ್, ಅದರಲ್ಲಿ ಆರು ಸುರಂಗ, ಎಲ್ಲ ಸೇರಿ ಸುಮಾರು 12.6 ಕಿಲೋಮೀಟರ್. ಅದೇ ಅಳತೆ ಹಿಡಿದು, ಸೇತುವೆಗಳನ್ನು ಬಿಟ್ಟೇ ಲೆಕ್ಕ ಹಾಕಿದರೂ ಹಳೆಯ ಸೂತ್ರದಲ್ಲಿ 137 ಕಿಲೋಮೀಟರಿನ ಸುಂಕ, ಹೊಸದರಲ್ಲಿ 118. ರಿಯಾಯಿತಿ ಬಂತು ನಿಜ, ಆದರೂ ಇಪ್ಪತ್ತನಾಲ್ಕು ಕಿಲೋಮೀಟರ್ ರಸ್ತೆಗೆ ಬೆಂಗಳೂರು–ಮೈಸೂರು ದಾರಿಯಷ್ಟು ಉದ್ದದ ಸುಂಕ. ನಕ್ಷೆ ಆಮೇಲೆ ಬದಲಾಗುತ್ತಲೇ ಇದೆ, ಹಾಗಾಗಿ ಈ ಅಂಕಿಯನ್ನು ಯಾರೂ ಟೋಲ್ ದರವೆಂದು ಹಿಡಿಯಬೇಕಿಲ್ಲ. ಸೂತ್ರ ಹೇಗೆ ನಡೆಯುತ್ತದೆ ಎಂದು ತೋರಿಸಲಷ್ಟೇ. ಅಂದ ಹಾಗೆ ಅದೇ ಘಟ್ಟದಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ನಡುವೆ ರೈಲು 57 ಸುರಂಗ ದಾಟುತ್ತದೆ. ರಾಜಾಜಿನಗರದವರಿಗೆ ಕೂಗಳತೆಯ ಯಶವಂತಪುರದಲ್ಲಿ ಟಿಕೆಟ್ ಕೊಂಡವರಿಗೆ ಇವೆಲ್ಲವೂ ಅದರೊಳಗೇ ಬಂದುಬಿಡುತ್ತವೆ.

ಕಾರವಾರದ ದಾರಿಗೆ ಮರಳೋಣ. ತುಮಕೂರು, ಚಿತ್ರದುರ್ಗ, ದಾವಣಗೆರೆ ಮೇಲಾಗಿ ಹುಬ್ಬಳ್ಳಿ ಕಡೆಗೆ ಹೆದ್ದಾರಿ 48ರಲ್ಲಿ ಹೋದರೆ ತುಮಕೂರು ರಸ್ತೆಯ ಟೋಲ್‌ಗಳ ನಂತರ ಕರ್ಜೀವನಹಳ್ಳಿ, ಗುಯಿಲಾಳು, ಹೆಬ್ಬಾಳು, ಚಳಗೇರಿ, ಬಂಕಾಪುರ ಸಾಲಾಗಿ ಬರುತ್ತವೆ. ಅಲ್ಲಿಂದ ಯಲ್ಲಾಪುರ, ಅರಬೈಲ್ ಘಾಟಿ, ಅಂಕೋಲಾ, ಕೊನೆಗೆ ಹಟ್ಟಿಕೇರಿ. ಹುಬ್ಬಳ್ಳಿಯವರೆಗೆ ಹೋಗದೆ ತಡಸ ಕ್ರಾಸ್‌ನಲ್ಲೇ ತಿರುಗಿ ಮುಂಡಗೋಡದ ಮೇಲೆ ಯಲ್ಲಾಪುರ ಸೇರುವವರೂ ಇದ್ದಾರೆ. ಇನ್ನೊಂದು ದಾರಿ ತುಮಕೂರಿನಿಂದ ತಿಪಟೂರು, ಅರಸೀಕೆರೆ, ಶಿವಮೊಗ್ಗ, ಸಾಗರ, ಹೊನ್ನಾವರ. ಕಣ್ಣಿಗೆ ಅದೇ ಚೆಂದ, ಆದರೆ ಹೊನ್ನಾವರದಿಂದ ಮೇಲಕ್ಕೆ ಹೊಳೆಗದ್ದೆ, ಹಟ್ಟಿಕೇರಿ ಎರಡೂ ಟೋಲ್ ಸಿಗುತ್ತವೆ. 2024ರ ಜುಲೈ 16ರಂದು ಗುಡ್ಡ ಕುಸಿದ ಅಂಕೋಲಾದ ಶಿರೂರನ್ನೂ ದಾಟಬೇಕು. ಯಲ್ಲಾಪುರದ ದಾರಿಯವರಿಗೆ ಶಿರೂರು ಸಿಗುವುದಿಲ್ಲ. ಮಳೆಗಾಲದಲ್ಲಿ ನನ್ನ ಮತ ಯಲ್ಲಾಪುರಕ್ಕೆ, ಅದೂ ಹಗಲಿನಲ್ಲಿ ಮಾತ್ರ. ಆ ರಸ್ತೆಯೂ ಮುಗ್ಧವಲ್ಲ: 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ವ್ಯಾಪಾರಿಗಳ ಲಾರಿ ಯಲ್ಲಾಪುರದ ಘಾಟಿಯಲ್ಲಿ ಉರುಳಿದ್ದು ಅಲ್ಲೇ.

ದುಡ್ಡಿನ ಭಾಗವನ್ನು ಮನೆಯಲ್ಲೇ ಮುಗಿಸಿಬಿಡಬಹುದು. ರಾಷ್ಟ್ರೀಯ ಹೆದ್ದಾರಿಯ ಎಲ್ಲ ಲೇನ್‌ಗಳಿಗೂ ಫಾಸ್ಟ್ಯಾಗ್ ಕಡ್ಡಾಯವಾದದ್ದು 2021ರ ಫೆಬ್ರವರಿಯಲ್ಲಿ. 2025ರ ನವೆಂಬರ್ 15ರಿಂದ ಫಾಸ್ಟ್ಯಾಗ್ ಇಲ್ಲದವರು ಯುಪಿಐ ಮೂಲಕ ಕೊಟ್ಟರೆ ಒಂದೂಕಾಲು ಪಟ್ಟು, ನಗದು ಕೊಟ್ಟರೆ ಎರಡು ಪಟ್ಟು ಎಂದಾಯಿತು. ಟ್ಯಾಗ್‌ನೊಳಗೆ ಬ್ಯಾಟರಿ ಇಲ್ಲ, ಹಣವೂ ಇಲ್ಲ. ಬೂತ್‌ನ ಮೇಲಿನ ಯಂತ್ರ ಕಳಿಸುವ ರೇಡಿಯೋ ಅಲೆಯಿಂದಲೇ ಅದು ಎಚ್ಚರಗೊಂಡು ತನ್ನ ಸಂಖ್ಯೆ ಹೇಳುತ್ತದೆ. ಖಾತೆಯಲ್ಲಿ ಹಣವಿದೆಯೇ ಇಲ್ಲವೇ ಎನ್ನುವುದನ್ನು ವ್ಯವಸ್ಥೆ ಬ್ಯಾಂಕುಗಳ ಪಟ್ಟಿ ನೋಡಿ ತೀರ್ಮಾನಿಸುತ್ತದೆ. ಹಾಗಾಗಿ ಬೂತ್ ಕಂಡ ಮೇಲೆ ಸಾಲಿನಲ್ಲಿ ನಿಂತು ರೀಚಾರ್ಜ್ ಮಾಡುವ ನಮ್ಮ ಅಭ್ಯಾಸ ನಂಬಿಕೆಗೆ ಅರ್ಹವಲ್ಲ. ಘಟ್ಟದ ಕಡೆ ಫೋನ್ ಸಿಗ್ನಲ್ ಇರುತ್ತದೆಂಬ ಖಾತರಿಯೂ ಇಲ್ಲ. ಇನ್ನೊಂದು ನಿಯಮ ಬಹಳ ಜನಕ್ಕೆ ತಿಳಿಯದು: ಟ್ಯಾಗ್ ಸರಿಯಿದ್ದು, ಖಾತೆಯಲ್ಲಿ ಹಣವಿದ್ದು, ಬೂತ್‌ನ ಯಂತ್ರವೇ ಕೆಟ್ಟಿದ್ದರೆ ವಾಹನವನ್ನು ಶುಲ್ಕವಿಲ್ಲದೆ ಬಿಡಬೇಕು, ಶೂನ್ಯ ಮೊತ್ತದ ರಸೀದಿ ಕೊಡಬೇಕು. 2018ರಿಂದಲೇ ಇದು ನಿಯಮ. ಅಲ್ಲಿ ಜಗಳವಾಡುವುದಕ್ಕಿಂತ ಸಹಾಯವಾಣಿ 1033ಕ್ಕೆ ಕರೆ ಮಾಡುವುದು ಲೇಸು.

2025ರ ಆಗಸ್ಟ್ 15ರಂದು ಬಂದ ವಾರ್ಷಿಕ ಪಾಸ್ ಖಾಸಗಿ ಕಾರುಗಳಿಗೆ. ಆಗ ನಿಗದಿಯಾದದ್ದು 3,000 ರೂಪಾಯಿ. 200 ಸಲ ಬೂತ್ ದಾಟುವವರೆಗೆ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಸರಾಸರಿ ಒಂದು ದಾಟುವಿಕೆಗೆ 15 ರೂಪಾಯಿ. ಕಾರವಾರಕ್ಕೆ ಹೋಗಿ ಬಂದರೆ 200ರಲ್ಲಿ ಹದಿನೈದಿಪ್ಪತ್ತು ಕಳೆಯುತ್ತವೆ. ವರ್ಷದಲ್ಲಿ ಎರಡು ಸಲ ಊರಿಗೆ, ನಾಲ್ಕು ಸಲ ಮೈಸೂರಿಗೆ ಹೋಗುವ ಮನೆಗೆ ಪಾಸ್ ಗಿಟ್ಟುತ್ತದೆ. ಆದರೆ ಇದು ನಡೆಯುವುದು ರಾಷ್ಟ್ರೀಯ ಹೆದ್ದಾರಿಯಲ್ಲಿ ಮಾತ್ರ. ನೈಸ್ ರಸ್ತೆ ರಾಜ್ಯ ಸರ್ಕಾರದೊಂದಿಗಿನ 1997ರ ಒಪ್ಪಂದದ ಕೂಸು. ಅಲ್ಲಿ ಪಾಸ್ ತೋರಿಸಿದರೆ ಪ್ರಯೋಜನವಿಲ್ಲ. ಕೆಂಗೇರಿಯಿಂದ ಮಾದಾವರಕ್ಕೆ ನೈಸ್‌ನಲ್ಲಿ ಹಾರಿ ತುಮಕೂರು ರಸ್ತೆ ಸೇರುವವರು ಆ ಸುಂಕವನ್ನು ಪ್ರತ್ಯೇಕ ಇಟ್ಟುಕೊಳ್ಳಬೇಕು. ರಾಜ್ಯ ಹೆದ್ದಾರಿಗಳ ಟೋಲ್‌ಗೂ ಇದೇ ಮಾತು. ಪಾಸ್ ಇಲ್ಲದವರಿಗೆ 24 ಗಂಟೆಯೊಳಗೆ ಮರಳಿದರೆ ಎರಡು ಪಟ್ಟಿನ ಬದಲು ಒಂದೂವರೆ ಪಟ್ಟು. ಬೆಂಗಳೂರಿನ ಟೋಲ್‌ಗಳಲ್ಲಿ ಈ ಪ್ರವಾಸಕ್ಕೆ ಅದು ಒದಗದು, ಆದರೆ ಗೋಕರ್ಣದಲ್ಲಿ ಉಳಿದುಕೊಂಡು ಕಾರವಾರ ನೋಡಿ ಸಂಜೆಗೆ ವಾಪಸಾಗುವವರಿಗೆ ಹಟ್ಟಿಕೇರಿಯಲ್ಲಿ ಒದಗುತ್ತದೆ.

ಇಷ್ಟೆಲ್ಲ ಲೆಕ್ಕ ಹಾಕಿ ಸುರಂಗದ ಬಾಯಿಗೆ ಬಂದಾಗ ಅಲ್ಲಿನ ಅಪಾಯ ಕತ್ತಲೆಯಲ್ಲ, ಬೆಳಕು. ನಡುಹಗಲ ಕರಾವಳಿಯ ಬಿಸಿಲಿನಲ್ಲಿ ಕಣ್ಣಿನ ಪಾಪೆ ಕಿರಿದಾಗಿರುತ್ತದೆ. 80 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಕಣ್ಣು ಹೊಂದಿಕೊಳ್ಳಲು ಕೆಲವು ಸೆಕೆಂಡು ಬೇಕು. ಅಷ್ಟರಲ್ಲಿ ನೂರು ಮೀಟರ್ ಹತ್ತಿರ ಕುರುಡಾಗಿ ಓಡಿರುತ್ತೇವೆ. ಅದಕ್ಕೇ ಚೆನ್ನಾಗಿ ಕಟ್ಟಿದ ಸುರಂಗದಲ್ಲಿ ಬಾಯಿಯ ದೀಪಗಳು ಮಧ್ಯಾಹ್ನವೇ ಅತಿ ಪ್ರಖರವಾಗಿ ಉರಿಯುತ್ತವೆ, ರಾತ್ರಿ ಮಂದವಾಗುತ್ತವೆ. ಹಗಲಲ್ಲಿ ದೀಪ ಯಾಕೆ ದಂಡ ಎನ್ನುವವರಿಗೆ ಉತ್ತರ ಇದು. ದೀಪ ಕೆಟ್ಟ ಸುರಂಗವನ್ನು ರಾತ್ರಿ ದಾಟುವುದಕ್ಕಿಂತ ಮಧ್ಯಾಹ್ನ ದಾಟುವುದು ಹೆಚ್ಚು ಅಪಾಯ. ಕಪ್ಪು ಕನ್ನಡಕ ತೆಗೆಯಿರಿ, ಬಾಯಿಗಿಂತ ಮೊದಲೇ ವೇಗ ಇಳಿಸಿ, ಹೆಡ್‌ಲೈಟ್ ಲೋ ಬೀಮ್‌ನಲ್ಲಿ ಹಾಕಿ. ಒಳಗೆ ಹಿಂದಿಕ್ಕುವುದು ಬೇಡ, ಸೆಲ್ಫಿಗೆಂದು ನಿಲ್ಲಿಸುವುದಂತೂ ಬೇಡವೇ ಬೇಡ. ಮಳೆಗಾಲದ ಕರಾವಳಿಯಲ್ಲಿ ಇನ್ನೊಂದು ತೊಂದರೆ: ಎಸಿಯಿಂದ ತಣ್ಣಗಾದ ಗಾಜಿಗೆ ಹೊರಗಿನ ಹಸಿಗಾಳಿ ಮುತ್ತಿ ಮಂಜು ಹಿಡಿಯುತ್ತದೆ. ಒಳಗಿನಿಂದ ಎಷ್ಟು ಒರೆಸಿದರೂ ಹೋಗದು; ವೈಪರ್ ಹಾಕಬೇಕು, ಎಸಿ ತಗ್ಗಿಸಬೇಕು. ಒಣ ಜಾಗ ಹುಡುಕಿಕೊಂಡು ದನಗಳು ಹೆದ್ದಾರಿಗೆ ಬರುವುದೂ ಅಲ್ಲಿ ಹೊಸದಲ್ಲ.

ಕಿರಿಯ ಸುರಂಗದಲ್ಲಿ ಗಾಳಿಯ ಚಿಂತೆ ಕಡಿಮೆ. ಒಂದೇ ದಿಕ್ಕಿಗೆ ಓಡುವ ವಾಹನಗಳೇ ಗಾಳಿಯನ್ನು ಮುಂದಕ್ಕೆ ತಳ್ಳುತ್ತವೆ. ಉದ್ದ ಹೆಚ್ಚಿದಂತೆ ಕಥೆ ಬೇರೆ. ಹಿಮಾಚಲದ ಅಟಲ್ ಸುರಂಗ 9.02 ಕಿಲೋಮೀಟರ್, ರಸ್ತೆಯ ಕೆಳಗೇ ಪಾರಾಗುವ ಇನ್ನೊಂದು ಸುರಂಗ, 150 ಮೀಟರ್‌ಗೊಂದು ಟೆಲಿಫೋನ್, 500 ಮೀಟರ್‌ಗೊಂದು ತುರ್ತು ದ್ವಾರ ಇಟ್ಟು ಕಟ್ಟಿದ್ದಾರೆ. ಇಂಥ ಎಚ್ಚರ ಜಗತ್ತಿಗೆ ಪುಕ್ಕಟೆಯಾಗಿ ಬಂದದ್ದಲ್ಲ. ಫ್ರಾನ್ಸ್–ಇಟಲಿ ನಡುವಿನ ಮಾಂಟ್ ಬ್ಲಾಂಕ್ ಸುರಂಗದಲ್ಲಿ 1999ರ ಮಾರ್ಚ್ 24ರಂದು ಹಿಟ್ಟು ಮತ್ತು ಮಾರ್ಗರಿನ್ ತುಂಬಿದ್ದ ಲಾರಿಗೆ ಬೆಂಕಿ ಹತ್ತಿ 39 ಮಂದಿ ಸತ್ತರು. ಹಲವರು ಕಾರು ಬಿಟ್ಟು ಇಳಿಯಲೇ ಇಲ್ಲ. ಹೊಗೆ ಕಂಡರೆ ಕೀಲಿಯನ್ನು ಕಾರಿನಲ್ಲೇ ಬಿಟ್ಟು, ಬಂದ ದಿಕ್ಕಿಗೋ ಹತ್ತಿರದ ತುರ್ತು ದ್ವಾರಕ್ಕೋ ನಡೆದು ಹೋಗಬೇಕು ಎಂಬ ಪಾಠ ಅಲ್ಲಿಂದ ಇನ್ನಷ್ಟು ಗಟ್ಟಿಯಾಯಿತು. ನಮ್ಮಲ್ಲಿ ಡ್ರೈವಿಂಗ್ ಕಲಿಸುವವರು ಇದನ್ನು ಹೇಳಿದ್ದು ನಾನಂತೂ ಕೇಳಿಲ್ಲ.

ಕಾರವಾರದ ಸುರಂಗಕ್ಕೂ ತನ್ನದೇ ಕತೆಯಿದೆ. 2023ರ ಜುಲೈನಲ್ಲಿ ಒಳಗೆ ನೀರು ಸೋರುತ್ತಿದೆ, ಸುರಕ್ಷತೆಯ ಪ್ರಮಾಣಪತ್ರವಿಲ್ಲ ಎಂಬ ತಕರಾರು ಎದ್ದು ಸಂಚಾರ ನಿಲ್ಲಿಸಿದರು. ಪರಿಶೀಲನೆ ಮುಗಿದು ಮತ್ತೆ ತೆರೆಯುವ ಹೊತ್ತಿಗೆ ಮಳೆಗಾಲದ ಬಹುಭಾಗ ಕಳೆದಿತ್ತು. ಮರುವರ್ಷ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಅದೇ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಸುರಂಗ, ಸೇತುವೆಗಳಿಗೆ ಹತ್ತುಪಟ್ಟು ಎಣಿಸುವ ಸೂತ್ರದಲ್ಲಿ ಅವು ತೆರೆದಿವೆಯೇ, ಸುಸ್ಥಿತಿಯಲ್ಲಿವೆಯೇ ಎಂದು ಕೇಳುವ ಅಂಶವೇ ಇಲ್ಲ ಎನ್ನುವುದು ನನ್ನ ಮುಖ್ಯ ತಕರಾರು. ಉದ್ದ ಅಳೆದು ದರ ಕಟ್ಟಿದರು, ಮುಗಿಯಿತು. ಇದಕ್ಕೆ ಕಾರವಾರದವರೆಗೂ ಹೋಗಬೇಕಿಲ್ಲ. ನಮ್ಮ ಬಾಗಿಲಲ್ಲೇ ಪೀಣ್ಯದ ಡಾ. ಶಿವಕುಮಾರ ಸ್ವಾಮೀಜಿ ಮೇಲ್ಸೇತುವೆ ಇದೆ. 2021ರ ಡಿಸೆಂಬರ್‌ನಲ್ಲಿ 102 ಮತ್ತು 103ನೇ ಕಂಬಗಳ ನಡುವಿನ ಕೇಬಲ್ ದೋಷದಿಂದ ಅದನ್ನು ಮುಚ್ಚಿದರು. ಲಘು ವಾಹನಗಳಿಗೆ ಮರುವರ್ಷ ಫೆಬ್ರವರಿಯಲ್ಲಿ ಬಿಟ್ಟರು. ಬಸ್ಸು, ಲಾರಿಗಳು 2024ರ ಜುಲೈವರೆಗೆ ಕೆಳಗಿನ ರಸ್ತೆಯಲ್ಲೇ ತೆವಳಿದವು.

ರಸ್ತೆ ಸರಿಯಿಲ್ಲದಾಗ ಸುಂಕ ಏಕೆ ಎಂಬ ಪ್ರಶ್ನೆ ನ್ಯಾಯಾಲಯದಲ್ಲಿ ಗೆದ್ದದ್ದು ಪಕ್ಕದ ಕೇರಳದಲ್ಲಿ. ತ್ರಿಶೂರಿನ ಪಾಲಿಯೆಕ್ಕರ ಟೋಲ್‌ನಲ್ಲಿ ವಸೂಲಿಯನ್ನು ಅಲ್ಲಿನ ಹೈಕೋರ್ಟ್ 2025ರ ಆಗಸ್ಟ್ 6ರಂದು ತಡೆಯಿತು. ಹೆದ್ದಾರಿ ಪ್ರಾಧಿಕಾರ ಸುಪ್ರೀಂ ಕೋರ್ಟ್‌ಗೆ ಹೋಯಿತು. 65 ಕಿಲೋಮೀಟರ್ ದಾಟಲು 12 ಗಂಟೆ ಹಿಡಿಯುವುದಾದರೆ ಜನ 150 ರೂಪಾಯಿ ಏಕೆ ಕೊಡಬೇಕು ಎಂಬ ಧಾಟಿಯಲ್ಲಿ ನ್ಯಾಯಪೀಠ ಕೇಳಿತು. ಆಗಸ್ಟ್ 19ರಂದು ಮೇಲ್ಮನವಿ ವಜಾ ಆಯಿತು. ವಸೂಲಿ ಮತ್ತೆ ಆರಂಭವಾದದ್ದು ಅಕ್ಟೋಬರ್‌ನಲ್ಲಿ. ಇದೇ ಹೆದ್ದಾರಿ 544ರಲ್ಲಿ ಕೇರಳದ ಮೊದಲ ಹೆದ್ದಾರಿ ಸುರಂಗವಾದ ಕುದಿರಾನ್ ಕೂಡ ಇದೆ. ಅದಕ್ಕೆ ಸೇರಿದ ಟೋಲ್ ಪನ್ನಿಯಂಗರದಲ್ಲಿ. ಕೆಂಗೇರಿಯಿಂದ ನೈಸ್ ಹಿಡಿದು ಹೊಸೂರು, ಸೇಲಂ, ಕೊಯಮತ್ತೂರು ಮೇಲೆ ಗುರುವಾಯೂರಿಗೆ ಹೋಗುವವರು ಅದನ್ನು ದಾಟುತ್ತಾರೆ.

ಸುರಂಗ ಈಗ ದೂರದ ಮಾತಾಗಿಯೂ ಉಳಿಯುತ್ತಿಲ್ಲ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುಮಾರು 16.7 ಕಿಲೋಮೀಟರ್ ಸುರಂಗ ರಸ್ತೆಗೆ ರಾಜ್ಯ ಸರ್ಕಾರ ಹೊರಟಿದೆ, ಕೆ.ಆರ್. ಪುರದಿಂದ ನಮ್ಮ ನಾಯಂಡಹಳ್ಳಿಯವರೆಗೆ ಪೂರ್ವ–ಪಶ್ಚಿಮ ಸುರಂಗದ ಪ್ರಸ್ತಾಪವೂ ಇದೆ. ಟೋಲ್ ಇರುತ್ತದೆ ಎನ್ನುವುದನ್ನು ಯಾರೂ ಮುಚ್ಚಿಟ್ಟಿಲ್ಲ. ಇವು ರಾಷ್ಟ್ರೀಯ ಹೆದ್ದಾರಿಗಳಲ್ಲ, ಹಾಗಾಗಿ 65 ಪೈಸೆಯ ಮೂಲದರ, ಹತ್ತುಪಟ್ಟು, ಐದುಪಟ್ಟು, 24 ಗಂಟೆಯ ರಿಯಾಯಿತಿ, ವಾರ್ಷಿಕ ಪಾಸ್ ಯಾವುದೂ ತಾನಾಗಿ ಇವಕ್ಕೆ ಅನ್ವಯಿಸುವುದಿಲ್ಲ. ದರ ಕಟ್ಟುವ ನಿಯಮವನ್ನು ಹೊಸದಾಗಿ ಬರೆಯುವ ಅವಕಾಶ ರಾಜ್ಯಕ್ಕಿದೆ. ಸುರಂಗ ಮುಚ್ಚಿದ ದಿನ ಸುಂಕ ಬೇಡ ಎಂಬ ಒಂದು ಸಾಲನ್ನು ಗುತ್ತಿಗೆಯಲ್ಲೇ ಸೇರಿಸಬಹುದು. ದ್ವಿಚಕ್ರ ವಾಹನಗಳಿಗೆ ಈವರೆಗಿನ ಯೋಜನೆಯಲ್ಲಿ ಪ್ರವೇಶವಿಲ್ಲ. 2023ರ ಆಗಸ್ಟ್ 1ರಂದು ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಿಂದ ಸರ್ವಿಸ್ ರಸ್ತೆಗಿಳಿದ ಕೆಂಗೇರಿಯ ಸ್ಕೂಟರ್‌ನವರಿಗೆ ಇದು ಹೊಸ ಸುದ್ದಿಯಲ್ಲ. ಕಾರವಾರದ ಸುರಂಗದಲ್ಲಾದರೆ ಅವರು ಹಟ್ಟಿಕೇರಿಯಲ್ಲಿ ಒಂದು ರೂಪಾಯಿಯೂ ಕೊಡದೆ ಬಂದು ದಾಟಿ ಹೋಗಬಹುದು.